ಮೊದಲ ಸಂಬಳ ಮತ್ತು ಉಳಿತಾಯದ ಅಭ್ಯಾಸ

ವಿದ್ಯಾಭ್ಯಾಸ ಮುಗಿಸಿ ಉದ್ಯೋಗಕ್ಕೆ ಸೇರಿದ ಯುವಕ ಅಥವಾ ಯುವತಿಯ ಕೈಗೆ ಬರುವ ಮೊದಲ ಸಂಬಳವು ಒಂದು ಕುಟುಂಬದ ಹಲವು ವರ್ಷಗಳ ಶ್ರಮದ ಫಲ. ತಂದೆ ತಾಯಿಗಳು ಹೊಲ ಅಡವಿಟ್ಟು ಓದಿಸಿರಬಹುದು. ಶಿಕ್ಷಣ ಸಾಲ ಪಡೆದಿರಬಹುದು. ತಂಗಿಯ ಅಥವಾ ತಮ್ಮನ ಓದು ಇನ್ನೂ ಬಾಕಿ ಇರಬಹುದು. ಆದುದರಿಂದ ಆ ಹಣವನ್ನು ಹೇಗೆ ಪಡೆಯಬೇಕು, ಹೇಗೆ ವಿನಿಯೋಗಿಸಬೇಕು, ಅದರಲ್ಲಿ ಎಷ್ಟನ್ನು ಉಳಿಸಬೇಕು ಎಂಬ ತಿಳಿವಳಿಕೆಯು ಉದ್ಯೋಗದಷ್ಟೇ ಮುಖ್ಯವಾದುದು. ಮೊದಲ ಎರಡು ಮೂರು ವರ್ಷಗಳಲ್ಲಿ ಬೇರೂರಿದ ಹಣಕಾಸಿನ ಅಭ್ಯಾಸಗಳು, ಅವು ಒಳ್ಳೆಯವಾಗಿರಲಿ ಕೆಟ್ಟವಾಗಿರಲಿ, ಮುಂದೆ ಸುಲಭವಾಗಿ ಬದಲಾಗುವುದಿಲ್ಲ.

ಉದ್ಯೋಗವನ್ನರಸಿ ಬಂದವರ ನಗರ

ಪುಣೆಯ ವಾಯವ್ಯಕ್ಕೆ, ಮುಂಬಯಿಗೆ ಹೋಗುವ ರಸ್ತೆ ಮತ್ತು ರೈಲುಮಾರ್ಗಗಳ ಬದಿಯಲ್ಲಿ ಬೆಳೆದಿರುವ ಪಿಂಪ್ರಿ-ಚಿಂಚವಾಡ ದೇಶದ ಪ್ರಮುಖ ಕೈಗಾರಿಕಾ ನಗರಗಳಲ್ಲಿ ಒಂದು. 1954ರಲ್ಲಿ ಕೇಂದ್ರ ಸರ್ಕಾರವು ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯನ್ನು ಸ್ಥಾಪಿಸಿತು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ರಚನೆಯಾದ ಬಳಿಕ ಚಿಂಚವಾಡ, ಆಕುರ್ಡಿ, ಭೋಸರಿ ಪ್ರದೇಶಗಳಲ್ಲಿ ವಾಹನ ಮತ್ತು ಯಂತ್ರೋಪಕರಣಗಳ ದೊಡ್ಡ ಕಾರ್ಖಾನೆಗಳೂ ಅವುಗಳಿಗೆ ಬಿಡಿಭಾಗಗಳನ್ನು ಒದಗಿಸುವ ಅಸಂಖ್ಯ ಸಣ್ಣ ಘಟಕಗಳೂ ತಲೆಯೆತ್ತಿದವು. 1982ರಲ್ಲಿ ಇಲ್ಲಿಗೆ ಮಹಾನಗರಪಾಲಿಕೆ ಬಂದಿತು. 2011ರ ಜನಗಣತಿಯ ವೇಳೆಗೆ ನಗರದ ಜನಸಂಖ್ಯೆ 17 ಲಕ್ಷವನ್ನು ದಾಟಿತ್ತು. ಪಕ್ಕದ ಹಿಂಜವಡಿಯ ಮಾಹಿತಿ ತಂತ್ರಜ್ಞಾನ ಕೇಂದ್ರವು ಪದವೀಧರರಿಗೆ ಮತ್ತೊಂದು ಬಾಗಿಲನ್ನು ತೆರೆಯಿತು.

ಕಲಬುರಗಿಯಿಂದ ಸೊಲ್ಲಾಪುರದ ಮೂಲಕ, ಬೆಳಗಾವಿಯಿಂದ ಮೀರಜಿನ ಮೂಲಕ ಪುಣೆಗೆ ರೈಲುಮಾರ್ಗವಿದೆ. ಈ ಅನುಕೂಲದಿಂದಾಗಿ ಕಲಬುರಗಿ, ಬೀದರ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಜನರೂ, ಸೊಲ್ಲಾಪುರ, ಅಕ್ಕಲಕೋಟೆಗಳ ಗಡಿ ಭಾಗದ ಕನ್ನಡಿಗರೂ ಬಹುಕಾಲದಿಂದ ಇಲ್ಲಿಗೆ ದುಡಿಯಲು ಬರುತ್ತಿದ್ದಾರೆ. ಮೊದಲ ತಲೆಮಾರಿನವರಲ್ಲಿ ಅನೇಕರು ಕಟ್ಟಡ ಕೆಲಸಕ್ಕೆ, ಕಾರ್ಖಾನೆಯ ಕೂಲಿಗೆ ಬಂದವರು. ಇಂದು ಅದೇ ಊರುಗಳಿಂದ ಐ.ಟಿ.ಐ., ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ಪದವಿ ಪಡೆದ ತರುಣರು ಬರುತ್ತಿದ್ದಾರೆ. ಊರಿನಲ್ಲಿ ‘ಪಗಾರ’ ಎಂದು ಕರೆಯಲ್ಪಡುವ ತಿಂಗಳ ಸಂಬಳವು ಇಂತಹ ಅನೇಕ ಮನೆಗಳಿಗೆ ಇದೇ ಮೊದಲ ಬಾರಿಗೆ ಬರುತ್ತಿದೆ.

ಹೇಳಿದ ಸಂಬಳ ಮತ್ತು ಕೈಗೆ ಬರುವ ಸಂಬಳ

ಪ್ರಾರಂಭದ ವೇತನವು ಎಲ್ಲರಿಗೂ ಒಂದೇ ಸಮನಾಗಿರುವುದಿಲ್ಲ. ಅಪ್ರೆಂಟಿಸ್ ಆಗಿ ಸೇರುವ ಪದವೀಧರರಿಗೆ 2019ರ ನಿಯಮಗಳು ತಿಂಗಳಿಗೆ ಕನಿಷ್ಠ 9,000 ರೂಪಾಯಿಗಳ ಶಿಷ್ಯವೇತನವನ್ನು ಗೊತ್ತುಪಡಿಸಿದವು. ದೊಡ್ಡ ಮಾಹಿತಿ ತಂತ್ರಜ್ಞಾನ ಸೇವಾ ಕಂಪನಿಗಳು ಹೊಸ ಎಂಜಿನಿಯರಿಂಗ್ ಪದವೀಧರರಿಗೆ ನೀಡುವ ಸಾಮಾನ್ಯ ವಾರ್ಷಿಕ ವೇತನವು ಒಂದು ದಶಕಕ್ಕೂ ಹೆಚ್ಚು ಕಾಲದಿಂದ 3 ಲಕ್ಷದಿಂದ 4 ಲಕ್ಷ ರೂಪಾಯಿಗಳ ಆಸುಪಾಸಿನಲ್ಲಿಯೇ ಉಳಿದಿದೆ. ಅದೇ ಅವಧಿಯಲ್ಲಿ ಮನೆ ಬಾಡಿಗೆ, ಊಟ, ಪ್ರಯಾಣದ ವೆಚ್ಚಗಳು ಏರುತ್ತಲೇ ಬಂದಿವೆ. ಅಂದರೆ ಅಂಕಿಯಲ್ಲಿ ಸಂಬಳವು ಅಷ್ಟೇ ಇದ್ದರೂ ಅದರ ಕೊಳ್ಳುವ ಶಕ್ತಿಯು ಕುಗ್ಗಿದೆ.

ನೇಮಕಾತಿ ಪತ್ರದಲ್ಲಿ ಕಾಣುವ ವಾರ್ಷಿಕ ಮೊತ್ತವು ಕಂಪನಿಯು ಒಬ್ಬ ನೌಕರನಿಗಾಗಿ ಮಾಡುವ ಒಟ್ಟು ವೆಚ್ಚ. ಅದನ್ನು ಹನ್ನೆರಡರಿಂದ ಭಾಗಿಸಿದರೆ ಬರುವ ಹಣವೆಲ್ಲವೂ ಕೈಗೆ ಬರುತ್ತದೆಂದು ಭಾವಿಸುವುದು ಸರಿಯಲ್ಲ. ಒಂದು ಉದಾಹರಣೆಯಿಂದ ಇದನ್ನು ಅರಿಯಬಹುದು. ವಾರ್ಷಿಕ ಮೊತ್ತವು 3,36,000 ರೂಪಾಯಿ ಎಂದಿಟ್ಟುಕೊಳ್ಳೋಣ. ತಿಂಗಳಿಗೆ ಅದು 28,000 ರೂಪಾಯಿಯಾಗುತ್ತದೆ. ಇದರಲ್ಲಿ ಮೂಲವೇತನ 14,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಮೊದಲಾದುವು 10,000 ರೂಪಾಯಿ. ಉಳಿದ 4,000 ರೂಪಾಯಿಗಳಲ್ಲಿ ಮಾಲೀಕರ ಭವಿಷ್ಯನಿಧಿ ವಂತಿಗೆ 1,680 ರೂಪಾಯಿ, ಉಪದಾನಕ್ಕಾಗಿ ತೆಗೆದಿರಿಸುವ ಹಣ ಸುಮಾರು 673 ರೂಪಾಯಿ, ಮಿಕ್ಕ 1,647 ರೂಪಾಯಿ ವರ್ಷದ ಕೊನೆಗೆ ಕೆಲಸದ ಗುಣಮಟ್ಟವನ್ನು ನೋಡಿ ಕೊಡುವ ಹಣ. ಹೀಗಾಗಿ ಸಂಬಳದ ಚೀಟಿಯಲ್ಲಿ ತೋರುವುದು 24,000 ರೂಪಾಯಿ ಮಾತ್ರ. ಅದರಿಂದ ನೌಕರನ ಭವಿಷ್ಯನಿಧಿ ವಂತಿಗೆ 1,680 ರೂಪಾಯಿ, ಮಹಾರಾಷ್ಟ್ರದ ವೃತ್ತಿ ತೆರಿಗೆ 200 ರೂಪಾಯಿ ಕಳೆದರೆ ಬ್ಯಾಂಕ್ ಖಾತೆಗೆ ಜಮೆಯಾಗುವುದು 22,120 ರೂಪಾಯಿ. ಫೆಬ್ರವರಿಯಲ್ಲಿ ವೃತ್ತಿ ತೆರಿಗೆಯು 300 ರೂಪಾಯಿ. ವರ್ಷಕ್ಕೆ ಒಟ್ಟು 2,500 ರೂಪಾಯಿ. 2023ರ ಏಪ್ರಿಲ್‌ನಿಂದ ಮಹಾರಾಷ್ಟ್ರದಲ್ಲಿ ತಿಂಗಳಿಗೆ 25,000 ರೂಪಾಯಿಗಳವರೆಗೆ ಸಂಬಳ ಪಡೆಯುವ ಮಹಿಳೆಯರಿಗೆ ಈ ತೆರಿಗೆಯಿಂದ ವಿನಾಯಿತಿ ದೊರೆತಿದೆ.

ಒಟ್ಟು ಸಂಬಳವು ತಿಂಗಳಿಗೆ 21,000 ರೂಪಾಯಿಗಳನ್ನು ಮೀರದವರು ನೌಕರರ ರಾಜ್ಯ ವಿಮಾ ಯೋಜನೆಯ ವ್ಯಾಪ್ತಿಗೆ ಬರುತ್ತಾರೆ ಎಂದು 2017ರಿಂದ ಗೊತ್ತುಪಡಿಸಲಾಗಿದೆ. ಅವರ ಸಂಬಳದಿಂದ ಶೇಕಡಾ 0.75ರಷ್ಟು ಕಡಿತವಾಗುತ್ತದೆ, ಮಾಲೀಕರು ಶೇಕಡಾ 3.25ರಷ್ಟು ಸೇರಿಸುತ್ತಾರೆ. ಈ ಸಣ್ಣ ಕಡಿತಕ್ಕೆ ಪ್ರತಿಯಾಗಿ ನೌಕರನಿಗೂ ಅವನನ್ನು ಅವಲಂಬಿಸಿದವರಿಗೂ ವೈದ್ಯಕೀಯ ಸೌಲಭ್ಯ ದೊರೆಯುತ್ತದೆ. ಊರಿನಲ್ಲಿರುವ ಅವಲಂಬಿತ ತಂದೆ ತಾಯಿಗಳ ಹೆಸರನ್ನು ನೋಂದಾಯಿಸಲು ಮರೆಯಬಾರದು.

ಉಪದಾನದ ವಿಷಯದಲ್ಲಿಯೂ ಒಂದು ಮಾತನ್ನು ತಿಳಿದಿರಬೇಕು. ಖಾಯಂ ನೌಕರನಿಗೆ ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ಸೇವೆಯ ನಂತರವೇ ಅದು ಸಲ್ಲುತ್ತದೆ. ಅದಕ್ಕೆ ಮೊದಲು ಕೆಲಸ ಬಿಟ್ಟರೆ ನೇಮಕಾತಿ ಪತ್ರದಲ್ಲಿ ಕಂಡ ಆ ಹಣ ಕೈಸೇರುವುದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ನಿಶ್ಚಿತ ಅವಧಿಗೆ ನೇಮಕಗೊಂಡವರಿಗೆ ಒಂದು ವರ್ಷದ ಸೇವೆಯ ನಂತರ ಉಪದಾನದ ಹಕ್ಕನ್ನು ನೀಡಿದೆ.

ಭವಿಷ್ಯನಿಧಿ: ಕಾಣದ ಉಳಿತಾಯ

ಸಂಬಳದಾರನ ಮೊದಲ ಉಳಿತಾಯವು ಅವನಿಗೆ ಅರಿವಿಲ್ಲದೆಯೇ ಪ್ರಾರಂಭವಾಗುತ್ತದೆ. 1952ರ ಕಾನೂನಿನ ಮೇರೆಗೆ ಆರಂಭವಾದ ನೌಕರರ ಭವಿಷ್ಯನಿಧಿಗೆ ನೌಕರನು ಮೂಲವೇತನ ಮತ್ತು ತುಟ್ಟಿಭತ್ಯೆಗಳ ಶೇಕಡಾ 12ರಷ್ಟನ್ನು ನೀಡುತ್ತಾನೆ. ಮಾಲೀಕರೂ ಅಷ್ಟೇ ಹಣ ನೀಡುತ್ತಾರೆ. ಆದರೆ ಅದರಲ್ಲಿ ಶೇಕಡಾ 8.33ರ ಭಾಗವು 1995ರ ಪಿಂಚಣಿ ಯೋಜನೆಗೆ ಹೋಗುತ್ತದೆ. ಮೇಲಿನ ಉದಾಹರಣೆಯಲ್ಲಿ ಮಾಲೀಕರ 1,680 ರೂಪಾಯಿಗಳಲ್ಲಿ 1,166 ರೂಪಾಯಿ ಪಿಂಚಣಿಗೆ ಸಂದು, 514 ರೂಪಾಯಿ ಭವಿಷ್ಯನಿಧಿಗೆ ಸೇರುತ್ತದೆ. ನೌಕರನ ಪಾಲನ್ನೂ ಕೂಡಿಸಿದರೆ ತಿಂಗಳಿಗೆ 2,194 ರೂಪಾಯಿ ಜಮೆಯಾದಂತಾಯಿತು.

2024-25ನೇ ಸಾಲಿಗೆ ಭವಿಷ್ಯನಿಧಿಯ ಬಡ್ಡಿದರ ಶೇಕಡಾ 8.25 ಆಗಿದ್ದಿತು. ಇದೇ ದರವು ಮುಂದುವರಿಯುತ್ತದೆಂದೂ ಸಂಬಳ ಒಂದು ರೂಪಾಯಿಯೂ ಏರುವುದಿಲ್ಲವೆಂದೂ ಭಾವಿಸಿದರೂ, ಹತ್ತು ವರ್ಷಗಳಲ್ಲಿ ಜಮೆಯಾಗುವ 2,63,280 ರೂಪಾಯಿಯು ಚಕ್ರಬಡ್ಡಿಯೊಡನೆ ಸುಮಾರು 4 ಲಕ್ಷ ರೂಪಾಯಿಯಾಗುತ್ತದೆ. ಹನಿಗೂಡಿದರೆ ಹಳ್ಳ ಎಂಬ ಗಾದೆಯ ಅರ್ಥ ಇದೇ ಆಗಿದೆ.

ಆದರೆ ಈ ಹಳ್ಳವು ತುಂಬುವ ಮೊದಲೇ ಬತ್ತುವುದೇ ಹೆಚ್ಚು. ಒಂದು ಕಾರ್ಖಾನೆಯನ್ನು ಬಿಟ್ಟು ಇನ್ನೊಂದಕ್ಕೆ ಸೇರುವಾಗ, ಗುತ್ತಿಗೆಯ ಅವಧಿ ಮುಗಿದಾಗ, ಹಬ್ಬಕ್ಕೆಂದು ಊರಿಗೆ ಹೊರಟಾಗ ತರುಣರು ಭವಿಷ್ಯನಿಧಿಯ ಹಣವನ್ನು ಪೂರ್ತಿಯಾಗಿ ಹಿಂಪಡೆಯುವುದು ವಾಡಿಕೆಯಾಗಿದೆ. ಅಂತಿಮ ಲೆಕ್ಕದ ಸಮಯದಲ್ಲಿ ಸದಸ್ಯರ ಪೈಕಿ ಅರ್ಧದಷ್ಟು ಮಂದಿಯ ಖಾತೆಯಲ್ಲಿ 20,000 ರೂಪಾಯಿಗಿಂತ ಕಡಿಮೆ ಹಣವಿರುತ್ತದೆಂದು ಕೇಂದ್ರ ಕಾರ್ಮಿಕ ಸಚಿವಾಲಯವು 2025ರಲ್ಲಿ ತಿಳಿಸಿತು. ಈ ಕಾರಣದಿಂದಲೇ ಆ ವರ್ಷದ ಅಕ್ಟೋಬರ್‌ನಲ್ಲಿ ಭವಿಷ್ಯನಿಧಿಯ ಕೇಂದ್ರ ಮಂಡಳಿಯು, ಹಣ ಹಿಂಪಡೆಯುವ ನಿಯಮಗಳನ್ನು ಸರಳಗೊಳಿಸುವುದರ ಜೊತೆಗೆ, ಶೇಕಡಾ 25ರಷ್ಟನ್ನು ಕನಿಷ್ಠ ಶಿಲ್ಕಾಗಿ ಖಾತೆಯಲ್ಲಿ ಉಳಿಸಬೇಕೆಂದು ತೀರ್ಮಾನಿಸಿತು.

2014ರಲ್ಲಿ ಜಾರಿಗೆ ಬಂದ ಸಾರ್ವತ್ರಿಕ ಖಾತೆ ಸಂಖ್ಯೆಯು ಉದ್ಯೋಗ ಬದಲಾದರೂ ಬದಲಾಗುವುದಿಲ್ಲ. ಹೊಸ ಮಾಲೀಕರಿಗೆ ಅದೇ ಸಂಖ್ಯೆಯನ್ನು ನೀಡಿ ಹಳೆಯ ಹಣವನ್ನು ವರ್ಗಾಯಿಸಿಕೊಳ್ಳಬೇಕು. ಪಿಂಚಣಿಗೆ ಹತ್ತು ವರ್ಷಗಳ ಸೇವೆ ಅಗತ್ಯ. ವರ್ಗಾವಣೆ ಮಾಡಿಸಿಕೊಂಡವರಿಗೆ ಹಿಂದಿನ ಸೇವೆಯೂ ಲೆಕ್ಕಕ್ಕೆ ಬರುತ್ತದೆ. ಗುತ್ತಿಗೆದಾರರ ಮೂಲಕ ಸೇರಿದವರಿಗೂ ಭವಿಷ್ಯನಿಧಿಯ ಹಕ್ಕು ಇದೆ. ಸಂಬಳದಿಂದ ಕಡಿತವಾದ ಹಣವು ಖಾತೆಗೆ ಜಮೆಯಾಗಿದೆಯೇ ಎಂಬುದನ್ನು ಪ್ರತಿ ತಿಂಗಳೂ ದೂರವಾಣಿಯಲ್ಲಿಯೇ ಪರಿಶೀಲಿಸಬಹುದು. ಹೀಗೆ ಪರಿಶೀಲಿಸುವುದು ಗುತ್ತಿಗೆ ನೌಕರರಿಗೆ ಬಹಳ ಅವಶ್ಯಕ.

ಉಳಿದುದನ್ನು ಉಳಿಸುವುದೋ, ಉಳಿಸಿ ಉಳಿದುದನ್ನು ಖರ್ಚು ಮಾಡುವುದೋ?

ತಿಂಗಳ ಕೊನೆಗೆ ಮಿಕ್ಕಿದ್ದನ್ನು ಉಳಿಸುತ್ತೇನೆ ಎನ್ನುವವರ ಬಳಿ ಬಹುಮಟ್ಟಿಗೆ ಏನೂ ಮಿಗುವುದಿಲ್ಲ. ಸಂಬಳ ಜಮೆಯಾದ ದಿನವೇ ಉಳಿತಾಯದ ಭಾಗವನ್ನು ಬೇರೆ ಮಾಡುವುದು ಸುಲಭವಾದ ಉಪಾಯ. 22,120 ರೂಪಾಯಿ ಪಡೆಯುವ ತರುಣನೊಬ್ಬ ಮೂವರೊಡನೆ ಕೋಣೆ ಹಂಚಿಕೊಂಡು, ಮೆಸ್ಸಿನಲ್ಲಿ ಉಂಡು, ಪ್ರಯಾಣವೂ ಸೇರಿ 13,000 ರೂಪಾಯಿಗಳಲ್ಲಿ ತಿಂಗಳನ್ನು ಕಳೆಯುತ್ತಾನೆ, ಊರಿಗೆ 5,000 ರೂಪಾಯಿ ಕಳುಹಿಸುತ್ತಾನೆ ಎಂದಿಟ್ಟುಕೊಂಡರೆ 4,000 ರೂಪಾಯಿಯಷ್ಟು ಉಳಿಸಲು ಸಾಧ್ಯವಿದೆ.

ಇದರಲ್ಲಿ ಮೊದಲ ಸ್ಥಾನ ಆಪತ್ಕಾಲದ ನಿಧಿಗೆ ಸಲ್ಲಬೇಕು. ಕೆಲಸ ಹೋದರೆ ಅಥವಾ ಕಾಯಿಲೆ ಬಿದ್ದರೆ ಮೂರು ತಿಂಗಳು ಕಳೆಯಲು ಬೇಕಾಗುವ 39,000 ರೂಪಾಯಿಯನ್ನು, ತಿಂಗಳಿಗೆ 2,500 ರೂಪಾಯಿಯಂತೆ ಹದಿನಾರು ತಿಂಗಳುಗಳಲ್ಲಿ ಕೂಡಿಸಬಹುದು. ಈ ನಿಧಿ ಇಲ್ಲದವನು ಮೊದಲ ಕಷ್ಟಕ್ಕೇ ಸಾಲಗಾರನಾಗುತ್ತಾನೆ.

ಎರಡನೆಯದು ಗೊತ್ತಾದ ಉದ್ದೇಶಕ್ಕಾಗಿ ಮಾಡುವ ಉಳಿತಾಯ. ಅಂಚೆ ಕಚೇರಿಯ ಐದು ವರ್ಷಗಳ ಆವರ್ತ ಠೇವಣಿಯನ್ನು ತಿಂಗಳಿಗೆ 100 ರೂಪಾಯಿಯಿಂದ ಪ್ರಾರಂಭಿಸಬಹುದು. ಶೇಕಡಾ 6.7ರ ದರದಲ್ಲಿ ತಿಂಗಳಿಗೆ 1,000 ರೂಪಾಯಿ ಕಟ್ಟಿದರೆ ಅವಧಿಯ ಕೊನೆಗೆ 71,366 ರೂಪಾಯಿ ದೊರೆಯುತ್ತದೆ. ತಂಗಿಯ ಓದಿಗೋ ಮನೆಯ ದುರಸ್ತಿಗೋ ಈ ಹಣ ಒದಗುತ್ತದೆ.

ಮೂರನೆಯದು ದೀರ್ಘಾವಧಿಯ ಉಳಿತಾಯ. 1968ರಲ್ಲಿ ಪ್ರಾರಂಭವಾದ ಸಾರ್ವಜನಿಕ ಭವಿಷ್ಯನಿಧಿಯಲ್ಲಿ ವರ್ಷಕ್ಕೆ ಕನಿಷ್ಠ 500 ರೂಪಾಯಿಯಿಂದ ಗರಿಷ್ಠ 1,50,000 ರೂಪಾಯಿಯವರೆಗೆ ಹಣ ತೊಡಗಿಸಬಹುದು. ಅದರ ಅವಧಿ 15 ವರ್ಷ. ಭವಿಷ್ಯನಿಧಿಯ ಸೌಲಭ್ಯವಿಲ್ಲದ ಸಣ್ಣ ಘಟಕಗಳ ನೌಕರರಿಗೂ ಅಪ್ರೆಂಟಿಸ್‌ಗಳಿಗೂ ಇದು ಉಪಯುಕ್ತ.

ಇವುಗಳ ಜೊತೆಗೆ ವಿಮೆಯನ್ನೂ ಹೇಳಬೇಕು. ಪ್ರಧಾನಮಂತ್ರಿ ಜೀವನಜ್ಯೋತಿ ವಿಮಾ ಯೋಜನೆಗೆ 2022ರ ಪರಿಷ್ಕರಣೆಯಂತೆ ವರ್ಷಕ್ಕೆ 436 ರೂಪಾಯಿ, ಸುರಕ್ಷಾ ವಿಮಾ ಯೋಜನೆಗೆ 20 ರೂಪಾಯಿ ಕಂತು. ಮೊದಲನೆಯದು ಯಾವುದೇ ಕಾರಣದಿಂದ ಸಾವು ಸಂಭವಿಸಿದರೆ, ಎರಡನೆಯದು ಅಪಘಾತದಿಂದ ಸಾವು ಸಂಭವಿಸಿದರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ ನೀಡುತ್ತದೆ. ದಿನವೂ ದ್ವಿಚಕ್ರ ವಾಹನದಲ್ಲಿ ಕೆಲಸಕ್ಕೆ ಹೋಗಿಬರುವ, ಮನೆಗೆ ಏಕೈಕ ಆಧಾರವಾಗಿರುವ ತರುಣನು ಇಷ್ಟನ್ನಾದರೂ ಮಾಡಿಸಿರಬೇಕು.

ಹಿಂದಿನ ತಲೆಮಾರಿನವರು ಆದಾಯ ತೆರಿಗೆಯನ್ನು ತಪ್ಪಿಸಿಕೊಳ್ಳಲಾದರೂ ಪ್ರತಿ ಮಾರ್ಚ್‌ನಲ್ಲಿ ಉಳಿತಾಯ ಪತ್ರಗಳನ್ನು ಕೊಳ್ಳುತ್ತಿದ್ದರು. 2025-26ನೇ ಸಾಲಿನಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ರೂಪಾಯಿಗಳವರೆಗಿನ ವೇತನ ಆದಾಯಕ್ಕೆ ತೆರಿಗೆ ಇಲ್ಲ. ಆ ಪದ್ಧತಿಯಲ್ಲಿ ಅಂತಹ ಉಳಿತಾಯಕ್ಕೆ ರಿಯಾಯಿತಿಯೂ ಇಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರ ಕೈಯಲ್ಲಿ ಇದರಿಂದ ಹೆಚ್ಚು ಹಣ ಉಳಿಯುತ್ತದೆ. ಆದರೆ ಉಳಿತಾಯಕ್ಕೆ ಹೊರಗಿನಿಂದ ಇದ್ದ ಒತ್ತಾಯವೂ ಇಲ್ಲವಾಗಿದೆ. ಇನ್ನು ಅವರ ಸ್ವಂತ ಶಿಸ್ತೇ ಆ ಕೆಲಸವನ್ನು ಮಾಡಬೇಕಾಗಿದೆ.

ಎಚ್ಚರಿಕೆಯ ಮಾತುಗಳು

ಉಳಿಸಿದ ಹಣವನ್ನು ಎಲ್ಲಿ ಇಡಬೇಕೆಂಬುದೂ ವಿಚಾರಣೀಯ. ಪುಣೆಯ ರೂಪೀ ಸಹಕಾರಿ ಬ್ಯಾಂಕಿನ ಮೇಲೆ 2013ರಲ್ಲಿ ರಿಸರ್ವ್ ಬ್ಯಾಂಕು ನಿರ್ಬಂಧ ವಿಧಿಸಿತು. 2022ರಲ್ಲಿ ಅದರ ಪರವಾನಗಿಯನ್ನು ರದ್ದುಪಡಿಸಿತು. ಠೇವಣಿ ವಿಮೆಯ ಮೇರೆಗೆ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ ದೊರೆಯುವ ರಕ್ಷಣೆಯನ್ನು 2020ರಲ್ಲಿ 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಅದಕ್ಕಿಂತ ಹೆಚ್ಚಿನ ಹಣವನ್ನು ಒಂದೇ ಕಡೆ ಇಡುವುದು ವಿವೇಕವಲ್ಲ.

ಕಾರ್ಖಾನೆಗಳಲ್ಲಿಯೂ ವಸತಿ ಪ್ರದೇಶಗಳಲ್ಲಿಯೂ ಗೆಳೆಯರು ಸೇರಿ ನಡೆಸುವ ‘ಭಿಶಿ’ಯು ಪರಸ್ಪರ ನಂಬಿಕೆಯ ಮೇಲೆ ನಿಂತದ್ದು. ಸಂಚಾಲಕನು ಊರು ಬಿಟ್ಟರೆ ಹಣವನ್ನು ಮರಳಿ ಪಡೆಯುವುದು ಅತ್ಯಂತ ಕಷ್ಟ. ಆದುದರಿಂದ ಕಳೆದುಕೊಂಡರೂ ತಾಳಿಕೊಳ್ಳಬಲ್ಲ ಮೊತ್ತವನ್ನು ಮಾತ್ರ ಅದರಲ್ಲಿ ತೊಡಗಿಸಬೇಕು.

ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇಕಡಾ 3ರ ಬಡ್ಡಿಯೆಂದರೆ ವರ್ಷಕ್ಕೆ ಶೇಕಡಾ 36 ಆಗುತ್ತದೆ. ಶೇಕಡಾ 7ರಂತೆ ಉಳಿಸುತ್ತ ಶೇಕಡಾ 36ರಂತೆ ಸಾಲ ಹೊರುವುದು ತೂತು ಕೊಡದಲ್ಲಿ ನೀರು ಹೊತ್ತಂತೆ. ಮೊದಲು ಇಂತಹ ಸಾಲವನ್ನು ತೀರಿಸಿ, ಆಮೇಲೆ ಉಳಿತಾಯಕ್ಕೆ ಕೈಹಾಕಬೇಕು.

ಶೀಘ್ರ ಲಾಭದ ಆಸೆಯಿಂದ ಷೇರುಪೇಟೆಯ ವಾಯಿದಾ ವ್ಯವಹಾರಕ್ಕೆ ಇಳಿಯುವ ತರುಣರ ಸಂಖ್ಯೆಯೂ ಹೆಚ್ಚಿದೆ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಇಂತಹ ವ್ಯವಹಾರ ನಡೆಸಿದ ವ್ಯಕ್ತಿಗಳಲ್ಲಿ ಶೇಕಡಾ 93ರಷ್ಟು ಮಂದಿ ನಷ್ಟ ಅನುಭವಿಸಿದರೆಂದು ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನವು ತಿಳಿಸುತ್ತದೆ.

ಕುಟುಂಬ ಮತ್ತು ಉಳಿತಾಯ

ಊರಿಗೆ ಹಣ ಕಳುಹಿಸುವುದು ನಮ್ಮ ಸಮಾಜದಲ್ಲಿ ಕರ್ತವ್ಯವೆನಿಸಿದೆ. ಅದು ಉಚಿತವೂ ಹೌದು. ಆದರೆ ತನ್ನ ಸಂಬಳದ ನಿಜವಾದ ಮೊತ್ತವನ್ನೂ ಖರ್ಚುಗಳನ್ನೂ ಮನೆಯವರಿಗೆ ಮೊದಲೇ ತಿಳಿಸಿ, ಪ್ರತಿ ತಿಂಗಳು ಕಳುಹಿಸುವ ಹಣವನ್ನು ನಿಗದಿಪಡಿಸಿಕೊಳ್ಳುವುದು ಲೇಸು. ನೇಮಕಾತಿ ಪತ್ರದ 28,000 ರೂಪಾಯಿಯನ್ನು ಮಾತ್ರ ಕೇಳಿಬಲ್ಲ ತಂದೆಗೆ ಮಗನು 5,000 ರೂಪಾಯಿ ಕಳುಹಿಸಿದಾಗ ಬೇಸರವಾಗುವುದು ಸಹಜ. ಲೆಕ್ಕವನ್ನು ಬಿಡಿಸಿ ಹೇಳಿದರೆ ಆ ಬೇಸರಕ್ಕೆ ಅವಕಾಶವಿರುವುದಿಲ್ಲ. ಭವಿಷ್ಯನಿಧಿ, ಬ್ಯಾಂಕ್, ವಿಮೆಗಳಲ್ಲಿ ನಾಮನಿರ್ದೇಶನ ಮಾಡಿ ಆ ವಿವರವನ್ನೂ ಮನೆಯವರಿಗೆ ತಿಳಿಸಿರಬೇಕು.

2022-23ರಲ್ಲಿ ದೇಶದ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯವು ರಾಷ್ಟ್ರದ ಒಟ್ಟು ಉತ್ಪನ್ನದ ಶೇಕಡಾ 5ರ ಆಸುಪಾಸಿಗೆ ಇಳಿಯಿತು. ಹಲವು ದಶಕಗಳಲ್ಲಿ ಅದು ಅತಿ ಕಡಿಮೆ ಪ್ರಮಾಣವಾಗಿತ್ತು. ಈ ಅಂಕಿಯ ಹಿಂದೆ ಕೋಟ್ಯಂತರ ಮನೆಗಳ ತಿಂಗಳ ಲೆಕ್ಕವಿದೆ. ಸಂಬಳ ಹೆಚ್ಚಾದ ಮೇಲೆ ಉಳಿಸೋಣವೆಂದು ಕಾಯುವವರ ಖರ್ಚು ಸಂಬಳದೊಡನೆಯೇ ಬೆಳೆಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತನ್ನು ಪಾಲಿಸಿ, ಮೊದಲ ಸಂಬಳದಿಂದಲೇ ನೂರು ರೂಪಾಯಿಯನ್ನಾದರೂ ಉಳಿತಾಯ ಖಾತೆಗೆ ಸೇರಿಸಿದ ತರುಣನು, ಕೆಲಸ ಕೈತಪ್ಪಿದ ತಿಂಗಳಿನಲ್ಲಿಯೂ ಬಾಡಿಗೆಯನ್ನು ಕಟ್ಟಬಲ್ಲನು. ಊರಿನ ಹಣವನ್ನೂ ತಪ್ಪದೆ ಕಳುಹಿಸಬಲ್ಲನು.