ಅಂಗಳದ ಡ್ರ್ಯಾಗನ್ ಹಣ್ಣು ಹೂ ಬಿಡದೇಕೆ?

ಕಳೆದ ಕೆಲವು ವರ್ಷಗಳಿಂದ ನಮ್ಮ ತೋಟದ ಮನೆಗಳ ಅಂಗಳಕ್ಕೆ ಡ್ರ್ಯಾಗನ್ ಹಣ್ಣಿನ ಬಳ್ಳಿ ಹೊಸ ನೆಂಟನಂತೆ ಬಂದು ಸೇರಿದೆ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ತುಂಡುಗಳು ಹೋಗುತ್ತಿವೆ. ಆದರೆ ಅಡಿಕೆ ಹಾಕಲು ಸಂಘಕ್ಕೆ ಬರುವ ಸದಸ್ಯರಲ್ಲಿ ಹಲವರದು ಒಂದೇ ಪ್ರಶ್ನೆ: “ಬಳ್ಳಿ ಹುಲುಸಾಗಿದೆ, ಮೂರು ವರ್ಷವಾಯಿತು, ಒಂದು ಹೂವನ್ನೂ ಕಂಡಿಲ್ಲ. ಕಡಿದು ಹಾಕುವುದೇ?” ಈ ಲೇಖಕನೂ ಮೊದಲು ಹಲಸಿನ ಮರದ ಬುಡದಲ್ಲಿ ನೆಟ್ಟು ಮೂರು ವರ್ಷ ಕಳೆದುಕೊಂಡವನೇ. ಆದುದರಿಂದ ಕಡಿಯುವ ಮೊದಲು ಕೆಳಗಿನ ವಿಷಯಗಳನ್ನು ಗಮನಿಸಬೇಕೆಂದು ವಿನಂತಿ.

ಗಿಡದ ಸ್ವಭಾವ

ಇದು ಕಳ್ಳಿಯ ಜಾತಿ. ಮೂಲ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. 19ನೆಯ ಶತಮಾನದಲ್ಲಿ ಫ್ರೆಂಚರು ಇದನ್ನು ವಿಯೆಟ್ನಾಮಿಗೆ ಒಯ್ದರು. ಇಂದು ಅಲ್ಲಿ ಇದು ದೊಡ್ಡ ವಾಣಿಜ್ಯ ಬೆಳೆ. ಗುಜರಾತ್ ಸರ್ಕಾರವು 2021ರಲ್ಲಿ ಇದಕ್ಕೆ ‘ಕಮಲಂ’ ಎಂಬ ಹೆಸರನ್ನಿಟ್ಟಿತು. ನಮ್ಮ ಮನೆಗಳಲ್ಲಿ ರಾತ್ರಿ ಅರಳುವ ಬ್ರಹ್ಮಕಮಲವೆಂದು ಬೆಳೆಸುವ ಗಿಡ ಇದರ ಹತ್ತಿರದ ನೆಂಟ. ಎರಡರ ಹೂವೂ ಸಂಜೆ ಬಿರಿದು ಬೆಳಗಾಗುತ್ತಲೇ ಬಾಡುತ್ತದೆ.

ಕಳ್ಳಿಯೆಂದ ಮಾತ್ರಕ್ಕೆ ಇದು ಮರಳುಗಾಡಿನ ಗಿಡವೆಂದು ತಿಳಿಯಬಾರದು. ಕಾಡಿನಲ್ಲಿ ಇದು ಕಾಳುಮೆಣಸಿನಂತೆ ಬೇರು ಬಿಟ್ಟು ಮರಕ್ಕೆ ಹಬ್ಬಿ, ಬೆಳಕು ಸಿಗುವ ಎತ್ತರಕ್ಕೆ ಏರಿ, ಅಲ್ಲಿಂದ ಕೊಂಬೆಗಳನ್ನು ಕೆಳಗೆ ಇಳಿಬಿಡುತ್ತದೆ. ಹೂ ಬರುವುದು ಹೀಗೆ ಇಳಿಬಿದ್ದ, ಬಲಿತ ಕೊಂಬೆಗಳಲ್ಲಿ. ಹೂ ಬಿಡಿಸುವ ಉಪಾಯವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಮೊದಲನೆಯದು ಬಿಸಿಲು

ಮೆಣಸಿನಂತೆ ಹಬ್ಬುತ್ತದೆಂದು ಅಡಿಕೆ ಮರಕ್ಕೋ ಕಾಫಿ ತೋಟದ ನೆರಳಿನ ಮರಕ್ಕೋ ಹಬ್ಬಿಸಿದವರೇ ಹೆಚ್ಚು ನಿರಾಶರಾದವರು. ನೆರಳಿನಲ್ಲಿ ಬಳ್ಳಿ ಬದುಕುತ್ತದೆ, ಹಸಿರಾಗಿಯೂ ಇರುತ್ತದೆ. ಆದರೆ ತೆಳ್ಳಗೆ ನೀಳವಾಗಿ ಹೋಗುವುದೇ ವಿನಾ ಹೂ ಬಿಡುವುದಿಲ್ಲ. ಜಾಗ ಆರಿಸಲು ಸುಲಭವಾದ ಲೆಕ್ಕ ಒಂದಿದೆ. ಅಡಿಕೆ ಒಣಗುವ ಅಂಗಳ ಅಥವಾ ಕಾಫಿ ಕಣದಲ್ಲಿ ಬೀಳುವಷ್ಟು ಬಿಸಿಲು ಎಲ್ಲಿ ಬೀಳುವುದೋ ಅಲ್ಲಿ, ಅದರ ಅಂಚಿನಲ್ಲಿ, ಕಂಬ ನೆಡಿ. ಎಳೆಯ ಗಿಡಕ್ಕೆ ಮೊದಲ ಬೇಸಿಗೆಯಲ್ಲಿ ಮಾತ್ರ ಒಂದೆರಡು ಸೋಗೆ ಮರೆ ಮಾಡಿದರೆ ಸಾಕು.

ನೆಡುವ ಕ್ರಮ

ಹಣ್ಣಿನ ಕಪ್ಪು ಬೀಜ ಬಿತ್ತಿದರೂ ಸಸಿ ಏಳುತ್ತದೆ. ಆದರೆ ಫಸಲಿಗೆ ಹಲವು ವರ್ಷ ಕಾಯಬೇಕು, ತಾಯಿಗಿಡದ ಗುಣ ಬರುತ್ತದೆಂಬ ಭರವಸೆಯೂ ಇಲ್ಲ. ಆದುದರಿಂದ ಹಣ್ಣು ಕೊಟ್ಟ ಬಳ್ಳಿಯಿಂದಲೇ ಒಂದು ಗೇಣಿನಷ್ಟು ಉದ್ದದ ಬಲಿತ ತುಂಡನ್ನು ತನ್ನಿ. ಕತ್ತರಿಸಿದ ಬಾಯಿ ಒಣಗುವಂತೆ ಐದಾರು ದಿನ ನೆರಳಿನಲ್ಲಿಟ್ಟು ನಂತರ ನೆಡಿ. ಹಸಿಯಾಗಿ ನೆಟ್ಟರೆ ಕೊಳೆಯುತ್ತದೆ. ಬುಡದ ಭಾಗವೇ ಕೆಳಗಿರಲಿ.

ಕಲ್ಲಿನ ಅಥವಾ ಸಿಮೆಂಟಿನ ಕಂಬ ನೆಲದ ಮೇಲೆ 5ರಿಂದ 6 ಅಡಿ ಇರಬೇಕು. ಅದರ ತುದಿಗೆ ಹಳೆಯ ಟಯರೊಂದನ್ನು ಕಬ್ಬಿಣದ ಸಲಾಕೆಯ ಮೇಲೆ ಕೂರಿಸಿ ಭದ್ರಪಡಿಸಿ. ಬಲಿತ ಬಳ್ಳಿಯ ಭಾರ ಬಹಳ. ಮರದ ಗೂಟ ನಾಲ್ಕು ಮಳೆಗಾಲ ತಾಳಲಾರದು. ಕಂಬದ ಸುತ್ತ ನಾಲ್ಕು ತುಂಡು ನೆಡಬಹುದು. ಕಂಬದಿಂದ ಕಂಬಕ್ಕೆ 10 ಅಡಿ ಅಂತರವಿರಲಿ. ಜಾಗವಿಲ್ಲದವರು ಅರ್ಧ ಕತ್ತರಿಸಿದ ಡ್ರಮ್ಮಿಗೆ ತಳದಲ್ಲಿ ತೂತುಗಳನ್ನು ಮಾಡಿ, ನಡುವೆ ಕಂಬ ನಿಲ್ಲಿಸಿ ತಾರಸಿಯ ಮೇಲೂ ಬೆಳೆಸಬಹುದು.

ನಮ್ಮ ಮಳೆಯಲ್ಲಿ ಈ ಗಿಡದ ಶತ್ರು ನಿಂತ ನೀರು. ಹೊಂಡ ತೋಡಿ ನೆಡಬೇಡಿ. ಮಣ್ಣು, ಮರಳು, ಸುಡುಮಣ್ಣು, ಹಟ್ಟಿಗೊಬ್ಬರ ಬೆರೆಸಿ ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಿ. ಬೇರು ಆಳಕ್ಕೆ ಹೋಗುವುದಿಲ್ಲವಾದ್ದರಿಂದ ಬುಡ ಅಗೆಯಬಾರದು.

ಸವರುವಿಕೆ

ಹೂ ಬಿಡದಿರಲು ಎರಡನೆಯ ಕಾರಣ ಕತ್ತಿಗೆ ಅಂಜುವುದು. ನೆಲದಿಂದ ಕಂಬದ ತುದಿಯವರೆಗೆ ಒಂದು ಗಿಡಕ್ಕೆ ಒಂದೇ ಬಳ್ಳಿ ಏರಬೇಕು. ನಡುವೆ ಒಡೆಯುವ ಚಿಗುರುಗಳನ್ನೆಲ್ಲ ಎಳೆಯದರಲ್ಲೇ ತೆಗೆಯಿರಿ. ಬಳ್ಳಿ ಟಯರನ್ನು ದಾಟಿದೊಡನೆ ತುದಿ ಚಿವುಟಿ. ಆಗ ಅಲ್ಲಿ ಹಲವು ಕೊಂಬೆಗಳೊಡೆದು ಕೊಡೆಯಂತೆ ಕೆಳಗಿಳಿಯುತ್ತವೆ. ಅವು ಬಲಿತರೆ ಹೂವಿಗೆ ಸಿದ್ಧ. ಚೆನ್ನಾಗಿ ನೋಡಿಕೊಂಡ ತುಂಡು ಒಂದೂವರೆ ಎರಡು ವರ್ಷಕ್ಕೆ ಮೊದಲ ಹೂ ತೋರಿಸುತ್ತದೆ. ಪ್ರತಿವರ್ಷ ಫಸಲು ಮುಗಿದ ಮೇಲೆ ಒಳಗಿನ ಒತ್ತು ಕೊಂಬೆಗಳನ್ನೂ ರೋಗ ತಗಲಿದವನ್ನೂ ಕಳೆಯಬೇಕು.

ಗೊಬ್ಬರದಲ್ಲಿಯೂ ಮಿತಿ ಬೇಕು. ಹಸಿರು ಚೆನ್ನಾಗಿದೆಯೆಂದು ಯೂರಿಯಾ ಸುರಿದರೆ ಚಿಗುರು ಬರುತ್ತದೆ, ಹೂ ಬರುವುದಿಲ್ಲ. ಮಳೆಗೆ ಮೊದಲು ಮತ್ತು ಮಳೆಯ ನಂತರ ಕಂಬವೊಂದಕ್ಕೆ ಒಂದೊಂದು ಬುಟ್ಟಿ ಹಳೆಯ ಹಟ್ಟಿಗೊಬ್ಬರ, ಜೊತೆಗೆ ಸ್ವಲ್ಪ ಬೂದಿ ಕೊಟ್ಟರೆ ಮನೆಯ ಗಿಡಕ್ಕೆ ಸಾಕು. ಬೇಸಿಗೆಯಲ್ಲಿ ವಾರಕ್ಕೆ ಒಂದೆರಡು ಬಾರಿ ನೀರು ಹಾಕಿ.

ಹೂವು ಮತ್ತು ಪರಾಗ

ಕಾಫಿಗೆ ಹೂಮಳೆ ಬಿದ್ದರೆ ಹೂ. ಡ್ರ್ಯಾಗನ್ ಹಣ್ಣಿಗೆ ಹಾಗಲ್ಲ, ಹಗಲು ಉದ್ದವಾದರೆ ಹೂ. ಆದುದರಿಂದ ನಮ್ಮಲ್ಲಿ ಮೇ, ಜೂನ್‌ನಿಂದ ಅಕ್ಟೋಬರ್‌ವರೆಗೆ ಸರದಿಯಂತೆ ಹೂ ಬರುತ್ತದೆ. ವಿಯೆಟ್ನಾಮಿನ ರೈತರು ಹಗಲು ಚಿಕ್ಕದಿರುವ ತಿಂಗಳುಗಳಲ್ಲಿ ತೋಟಕ್ಕೆ ರಾತ್ರಿ ವಿದ್ಯುದ್ದೀಪ ಹಾಕಿ ಹೂ ಬಿಡಿಸುವುದು ಇದೇ ಕಾರಣಕ್ಕೆ.

ಹೂ ಬಂದರೂ ಕೆಲವರಲ್ಲಿ ಐದಾರು ದಿನಕ್ಕೆ ಹಳದಿಯಾಗಿ ಉದುರುತ್ತದೆ. ಇದು ಪರಾಗ ಸೇರದ ಲಕ್ಷಣ. ಮೂಲ ನಾಡಿನಲ್ಲಿ ಬಾವಲಿ ಮತ್ತು ದೊಡ್ಡ ಪತಂಗಗಳು ಈ ಕೆಲಸ ಮಾಡುತ್ತವೆ. ನಮ್ಮಲ್ಲಿ ನಸುಕಿನಲ್ಲಿ ಜೇನುನೊಣ ಬರುವುದುಂಟಾದರೂ ಅದನ್ನೇ ನಂಬುವಂತಿಲ್ಲ. ವೆನಿಲ್ಲಾ ಬೆಳೆದು ಕೈಪರಾಗ ಮಾಡಿದವರಿಗೆ ಇದು ಮಕ್ಕಳಾಟ. ರಾತ್ರಿ ಎಂಟರ ನಂತರ ಟಾರ್ಚು ಹಿಡಿದು ಹೋಗಿ, ಮೆದು ಕುಂಚದಿಂದ ಹಳದಿ ಪರಾಗವನ್ನು ತೆಗೆದು, ನಡುವೆ ನಕ್ಷತ್ರದಂತೆ ಚಾಚಿರುವ ಶಲಾಕೆಯ ತುದಿಗೆ ಸವರಬೇಕು. ಮಳೆಯಿದ್ದರೆ ಹೂವಿನ ಮೇಲೆ ಅಡಿಕೆ ಹಾಳೆಯ ಮುಚ್ಚಿಗೆ ಕಟ್ಟಿ. ನೆನೆದ ಪರಾಗ ಕೆಲಸಕ್ಕೆ ಬಾರದು.

ಇನ್ನೊಂದು ಸೂಕ್ಷ್ಮವಿದೆ. ಬಿಳಿ ತಿರುಳಿನ ತಳಿಗಳು ಸಾಮಾನ್ಯವಾಗಿ ತಮ್ಮ ಪರಾಗದಿಂದಲೇ ಕಾಯಿ ಕಟ್ಟುತ್ತವೆ. ಕೆಂಪು ತಿರುಳಿನ ಹಲವು ತಳಿಗಳಿಗೆ ಬೇರೆ ತಳಿಯ ಪರಾಗ ಬೇಕು. ಒಂದೇ ಬಳ್ಳಿಯಿಂದ ತಂದ ಹತ್ತು ತುಂಡು ನೆಟ್ಟರೂ ಅದು ಒಂದೇ ಗಿಡದ ಲೆಕ್ಕ. ಆದುದರಿಂದ ಎರಡು ಬಗೆಯನ್ನು ಒಟ್ಟಿಗೆ ಬೆಳೆಸುವುದು ಕ್ಷೇಮ.

ಕೊಯ್ಲು ಮತ್ತು ರೋಗ

ಹೂವಾದ ಸುಮಾರು 30 ದಿನಕ್ಕೆ ಸಿಪ್ಪೆ ಹಸಿರಿನಿಂದ ಕೆಂಪಿಗೆ ತಿರುಗುತ್ತದೆ. ಪೂರ್ತಿ ಬಣ್ಣ ಬಂದ ಮೂರು ನಾಲ್ಕು ದಿನದಲ್ಲಿ ಕೊಯ್ಯಿರಿ. ಬಾಳೆಗೊನೆಯಂತೆ ಕೊಯ್ದಿಟ್ಟು ಹಣ್ಣು ಮಾಡಲು ಬಾರದು. ಬೇಗ ಕೊಯ್ದರೆ ಸಿಹಿ ಹೆಚ್ಚುವುದಿಲ್ಲ. ಕೆಂಪು ತಿರುಳಿನ ಹಣ್ಣು ತಿಂದ ಮರುದಿನ ಮೂತ್ರ ಕೆಂಪಾದರೆ ಮನೆಯವರು ಗಾಬರಿಯಾಗಬೇಕಿಲ್ಲ, ಅದು ಹಣ್ಣಿನ ಬಣ್ಣ.

ಮಳೆಗಾಲದಲ್ಲಿ ಬಳ್ಳಿಯ ಮೇಲೆ ಕಂದು ಚುಕ್ಕೆ, ಕೊಳೆ ಕಂಡರೆ ಆ ಭಾಗವನ್ನು ಕತ್ತರಿಸಿ ಸುಡಬೇಕು. ಕೊಳೆರೋಗಕ್ಕೆಂದು ಅಡಿಕೆಗೆ ಶೇಕಡಾ 1ರ ಬೋರ್ಡೋ ಹೊಡೆಯುವಾಗ ಈ ಬಳ್ಳಿಗೂ ಹೊಡೆದರೆ ಅನುಕೂಲ. ಅರಳಿದ ಹೂವಿಗೆ ಮಾತ್ರ ತಾಗದಿರಲಿ.

ಎಕರೆಗಟ್ಟಲೆ ಹಾಕಬಹುದೇ?

ಎಲೆಚುಕ್ಕೆ, ಹಳದಿಎಲೆ ರೋಗಗಳಿಂದ ನೊಂದ ಕೆಲವರು ಅಡಿಕೆ ಕಡಿದು ಇದನ್ನು ಹಾಕಿದರೆ ಹೇಗೆಂದು ಯೋಚಿಸುತ್ತಿರುವುದು ಕೇಳಿಬರುತ್ತಿದೆ. ಅಂಥವರಿಗೆ ವೆನಿಲ್ಲಾವನ್ನು ನೆನಪಿಸಬೇಕಾಗಿದೆ. 2003ರ ಸುಮಾರಿಗೆ ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿಯಿತ್ತು. ಅದನ್ನು ಕಂಡು ಸಾಲ ಮಾಡಿ ಬಳ್ಳಿ ಕೊಂಡವರ ಕೈಗೆ ಫಸಲು ಬರುವಾಗ ಕೇಳುವವರಿರಲಿಲ್ಲ. ಆಗ ಹಣ ಮಾಡಿದವರಲ್ಲಿ ಬಳ್ಳಿ ಮಾರಿದವರೂ ಇದ್ದರು ಎಂಬುದನ್ನು ಮರೆಯಬಾರದು.

ಡ್ರ್ಯಾಗನ್ ಹಣ್ಣಿನ ಕಂಬ, ಟಯರು, ಸಸಿಗಳ ಖರ್ಚೆಲ್ಲ ಮೊದಲೇ ಆಗಿಬಿಡುತ್ತದೆ. ಅದು ಹೂ ಬಿಡುವ ತಿಂಗಳುಗಳೇ ನಮ್ಮ ಜಡಿಮಳೆಯ ತಿಂಗಳುಗಳು. ಮಳೆ ಕಡಿಮೆಯಿರುವ ಬಯಲುಸೀಮೆಗೆ ಒಗ್ಗುವಷ್ಟು ಅದು ನಮ್ಮಲ್ಲಿಗೆ ಒಗ್ಗದು. ತುಮಕೂರು ಬಳಿಯ ಹಿರೇಹಳ್ಳಿಯಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರದಲ್ಲಿ ಈ ಬೆಳೆಯ ಕೆಲಸ ನಡೆಯುತ್ತಿದೆ. 2023ರಲ್ಲಿ ಅಲ್ಲಿಗೆ ಉತ್ಕೃಷ್ಟತಾ ಕೇಂದ್ರವೂ ಮಂಜೂರಾಗಿದೆ. ಹೆಚ್ಚು ಹಾಕುವ ಮನಸ್ಸಿದ್ದವರು ಒಮ್ಮೆ ಹೋಗಿ ನೋಡಿ ಬಂದು ತೀರ್ಮಾನಿಸುವುದು ಒಳ್ಳೆಯದು.

ಉಳಿದ ನಾವು ಅಂಗಳದ ಅಂಚಿಗೆ ನಾಲ್ಕು ಕಂಬ ನೆಡೋಣ. ಎರಡು ಮಳೆಗಾಲ ನೋಡೋಣ. ಮನೆಯ ಮಕ್ಕಳಿಗೆ ಹಣ್ಣಾದರೆ ಅಷ್ಟು ಲಾಭ. ಆಗದಿದ್ದರೆ ಹೋಗುವುದು ನಾಲ್ಕು ಕಂಬ ಮಾತ್ರ, ತೋಟವಲ್ಲ.