ಕೊಂಡಿಯ ಅಳತೆ ಸರಿಯಿರಲಿ

ಮದುವೆ ಮನೆಯಿಂದ ಮರಳಿ ಬಂದು ಕನ್ನಡಿಯ ಮುಂದೆ ನಿಂತಾಗ ಒಂದು ಕಿವಿಯ ಝುಮ್ಕಿ ಕಾಣೆಯಾದ ಅನುಭವ ನಿಮಗೂ ಆಗಿರಬಹುದು. ಮಣಿ ಒಡೆದಿರುವುದಿಲ್ಲ, ಕೊಕ್ಕೆ ಕಿವಿಯಲ್ಲೇ ಇರುತ್ತದೆ. ಅವೆರಡನ್ನು ಸೇರಿಸುವ ಪುಟ್ಟ ಉಂಗುರ ಮಾತ್ರ ಬಾಯಿ ಬಿಟ್ಟಿರುತ್ತದೆ!

ಮನೆಯಲ್ಲಿ ಕುಳಿತು ಮಣಿ ಪೋಣಿಸಿ ನಾಲ್ಕು ಕಾಸು ಗಳಿಸುವ ಸಹೋದರಿಯರು ಈ ಉಂಗುರ, ಕೊಕ್ಕೆಗಳನ್ನು ಸಾಮಾನ್ಯವಾಗಿ ಪ್ಯಾಕೆಟ್‌ನಲ್ಲೇ ಕೊಳ್ಳುತ್ತಾರೆ. ಅಗ್ಗದವುಗಳ ಮೇಲೆ ಹೆಚ್ಚಾಗಿ ನಿಕ್ಕಲ್ ಲೇಪವಿರುತ್ತದೆ. ನಿಕ್ಕಲ್ ಕೆಲವರ ಕಿವಿಯಲ್ಲಿ ತುರಿಕೆ, ಹುಣ್ಣು ತರುತ್ತದೆ. ಈ ಕಾರಣಕ್ಕೇ ಯುರೋಪಿನ ದೇಶಗಳು 1994ರಲ್ಲಿ ಆಭರಣದ ನಿಕ್ಕಲ್‌ಗೆ ಕಾನೂನಿನ ಮಿತಿ ಹಾಕಿದವು. ಇವನ್ನು ನೀವೇ ತಯಾರಿಸಿದರೆ ಯಾವ ಲೋಹವೆಂಬುದು ನಿಮಗೆ ಗೊತ್ತಿರುತ್ತದೆ.

ತಂತಿಯ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ದಾಟಿ ಹೋದರೆ ಬೀದರ್. ಅಲ್ಲಿನ ಬಿದರಿ ಕುಶಲಕರ್ಮಿಗಳು ಸತು-ತಾಮ್ರದ ಪಾತ್ರೆಯ ಗೀರುಗಳಲ್ಲಿ ಬೆಳ್ಳಿಯ ತಂತಿ ಕೂರಿಸುತ್ತಾರೆ. ಆ ಕಲೆಗಾಗಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ದೊರೆಯಿತು. ನಮ್ಮ ಕೆಲಸ ಅದಕ್ಕಿಂತ ಬಹಳ ಸುಲಭ.

0.8 ಮಿ.ಮೀ. ದಪ್ಪದ ಹಿತ್ತಾಳೆ ತಂತಿ, ಎರಡು ಇಕ್ಕಳ, ಒಂದು ಕಟರ್, ಸಣ್ಣ ಅರ, ಇಷ್ಟು ಸಾಕು. ತಾಮ್ರ ಮೃದು, ಅದರ ಉಂಗುರ ಬೇಗ ಬಾಯಿ ಬಿಡುತ್ತದೆ. 4 ಮಿ.ಮೀ. ದಪ್ಪದ ಹೆಣಿಗೆ ಕಡ್ಡಿಗೆ ತಂತಿಯನ್ನು ಒತ್ತಾಗಿ ಸುತ್ತಿ, ಸುರುಳಿಯನ್ನು ಹೊರತೆಗೆದು ಒಂದೊಂದೇ ಸುತ್ತು ಕತ್ತರಿಸಿ. ಒಂದು ಮೀಟರ್ ತಂತಿಯಲ್ಲಿ ಸುಮಾರು 60 ಉಂಗುರಗಳಾಗುತ್ತವೆ. ಕಟರ್ ಒಂದು ತುದಿಯನ್ನು ಸಪಾಟಾಗಿ, ಇನ್ನೊಂದನ್ನು ಚೂಪಾಗಿ ಬಿಡುತ್ತದೆ. ಕಟರನ್ನು ತಿರುಗಿಸಿ ಹಿಡಿದು ಚೂಪು ತುದಿಯನ್ನೂ ಕತ್ತರಿಸಿದರೆ ಎರಡೂ ಸರಿಯಾಗಿ ಕೂಡುತ್ತವೆ. ಉಂಗುರ ತೆರೆಯುವಾಗ ಅಗಲಕ್ಕೆ ಎಳೆಯಬೇಡಿ. ಒಂದು ತುದಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಗಿಸಿ. ಆಗ ಆಕಾರ ಕೆಡುವುದಿಲ್ಲ.

ಕಿವಿಯ ಕೊಕ್ಕೆಗೆ ಬೆಳ್ಳಿ ತಂತಿ ಉತ್ತಮ. 5 ಸೆಂ.ಮೀ.ನ ಎರಡು ತುಂಡು ಕತ್ತರಿಸಿ, ತುದಿಯಲ್ಲಿ ಪುಟ್ಟ ಕುಣಿಕೆ ಮಾಡಿ, ಎರಡನ್ನೂ ಒಟ್ಟಿಗೇ ದಪ್ಪ ಪೆನ್ನಿನ ಮೇಲೆ ಬಗ್ಗಿಸಿ; ಜೋಡಿ ಒಂದೇ ಸಮನಾಗುತ್ತದೆ. ಬಾಗಿದ ಭಾಗಕ್ಕೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿಯಾಗುತ್ತದೆ. ಕಿವಿಗೆ ಹೋಗುವ ತುದಿಯನ್ನು ಅರದಿಂದ ಉಜ್ಜಿ ದುಂಡಗೆ ಮಾಡಲು ಮರೆಯಬೇಡಿ. ಕತ್ತರಿಸುವಾಗ ಚೂರು ಸಿಡಿಯುತ್ತದೆ, ಕನ್ನಡಕ ಹಾಕಿಕೊಳ್ಳಿ. ಅಂಬೆಗಾಲಿಡುವ ಮಗುವಿದ್ದರೆ ಏಳುವ ಮುನ್ನ ನೆಲ ಗುಡಿಸಿ.

ಅಲ್ಲಾಹನು ಪ್ರವಾದಿ ದಾವೂದ್(ಅ)ರಿಗೆ ಕಬ್ಬಿಣವನ್ನು ಮೃದುಗೊಳಿಸಿ, ಕವಚದ ಕೊಂಡಿಗಳನ್ನು ಅಳತೆಗೆ ಸರಿಯಾಗಿ ಜೋಡಿಸಲು ಆಜ್ಞಾಪಿಸಿದನೆಂದು ಪವಿತ್ರ ಕುರ್‌ಆನಿನ ಸಬಾ ಅಧ್ಯಾಯದಲ್ಲಿದೆ. ಒಬ್ಬ ಪ್ರವಾದಿಗೇ ಕೊಂಡಿಯ ಅಳತೆಯ ಪಾಠ! ಉಮ್ಮುಲ್ ಮೂಮಿನೀನ್ ಝೈನಬ್ ಬಿಂತ್ ಜಹ್ಶ್(ರ)ರವರು ಸ್ವಂತ ಕೈಯಿಂದ ದುಡಿದು ದಾನ ಮಾಡುತ್ತಿದ್ದರು. ಕೈಕೆಲಸವನ್ನು ಕೀಳೆನ್ನುವವರು ಇದನ್ನು ನೆನಪಿಸಿಕೊಳ್ಳಲಿ.

ಆದರೆ ಅಳತೆ ತಂತಿಗೆ ಮಾತ್ರವಲ್ಲ, ಮಾತಿಗೂ ಇದೆ. ಹಿತ್ತಾಳೆಯನ್ನು ಹಿತ್ತಾಳೆಯೆಂದೇ ಹೇಳಿ ಮಾರಿ. ಪಾಲಿಶ್ ಮಾಸುವಂಥದ್ದಾದರೆ ಅದನ್ನೂ ತಿಳಿಸಿ. ಬಾಯಿ ಕೂಡದ ಉಂಗುರವನ್ನು ಮಣಿಯ ಹಿಂದೆ ಮರೆಮಾಡಬೇಡಿ. ಅದು ಸಡಿಲವಾದ ದಿನ ಕಳೆದುಹೋಗುವುದು ಒಂದು ಝುಮ್ಕಿ ಮಾತ್ರವಲ್ಲ, ನಿಮ್ಮನ್ನು ನಂಬಿ ಕೊಂಡ ಸಹೋದರಿಯ ವಿಶ್ವಾಸ. ಹಲಾಲ್ ಸಂಪಾದನೆಯ ಬರಕತ್ ಇರುವುದೇ ಆ ವಿಶ್ವಾಸದಲ್ಲಿ, ಅಲ್ಲವೇ?