ಮೂಗು ಮುಚ್ಚಿಕೊಂಡು ದಾಟಿದ ಸಮುದ್ರ

ಡೊಂಬಿವಲಿಯಿಂದ ಥಾಣೆಗೆ ಸ್ಲೋ ಲೋಕಲ್‌ನಲ್ಲಿ ಓಡಾಡುವವರಿಗೆಲ್ಲ ಗೊತ್ತಿರುವ ಜಾಗ ಅದು. ದಿವಾ ಬಿಟ್ಟು ಮುಂಬ್ರಾ ಬರುವಾಗ ಹಳಿಯ ಪಕ್ಕಕ್ಕೇ ಉಲ್ಹಾಸ್ ನದಿಯ ಖಾಡಿ ಕಾಣಿಸಿಕೊಳ್ಳುತ್ತದೆ. ಕಲ್ವಾ ದಾಟಿ ಥಾಣೆ ಮುಟ್ಟುವ ಮೊದಲು ಸೇತುವೆಯ ಕೆಳಗೆ ಥಾಣೆ ಖಾಡಿಯ ತಲೆ ಸಿಗುತ್ತದೆ. ನೀರು ಇಳಿದ ಹೊತ್ತಾದರೆ ಕಪ್ಪು ಕೆಸರು, ಅದರ ಮೇಲೆ ಪ್ಲಾಸ್ಟಿಕ್, ಮೂಗಿಗೆ ಅಡರುವ ವಾಸನೆ. ಬಾಗಿಲಲ್ಲಿ ನಿಂತವರು ಒಟ್ಟಿಗೇ ಕರವಸ್ತ್ರ ತೆಗೆಯುತ್ತಾರೆ. ಹದಿನೆಂಟು ವರ್ಷಗಳಿಂದ ನಾನೂ ಹಾಗೆಯೇ ಮೂಗು ಮುಚ್ಚಿಕೊಂಡು ಅದನ್ನು ದಾಟಿ, ಥಾಣೆಯಲ್ಲಿ ಗಾಡಿ ಬದಲಿಸಿ, ಐರೋಲಿಯ ಆಫೀಸಿಗೆ ಹೋಗಿಬರುತ್ತಿದ್ದೇನೆ.

ಹುಟ್ಟಿದ್ದು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ. ಊರಿನ ಮಾತು ಬಂದರೆ ನಮ್ಮ ಹೊಳೆ, ನಮ್ಮ ಅಳಿವೆ, ನಮ್ಮ ಬಳಚು ಎಂದು ಎದೆಯುಬ್ಬಿಸುವವನು ನಾನು. ಮನೆಯಿಂದ ಕೆಲವೇ ಸ್ಟೇಷನ್ ದೂರದಲ್ಲಿರುವುದೂ ಅಂಥದೇ ಅಳಿವೆ ಎಂಬುದು ಮಾತ್ರ ನನ್ನ ತಲೆಗೆ ಹೋಗಿರಲಿಲ್ಲ. ಅದನ್ನು ತೋರಿಸಿಕೊಟ್ಟಿದ್ದು ಅವ್ವಿ, ಮತ್ತೆ ಮಗಳ ಮೊಬೈಲಿನ ಒಂದು ಫೋಟೊ.

ಎಲ್ಲರ ಕ್ಯಾಮೆರಾ ಮೇಲೆ, ಅವ್ವಿಯ ಕಣ್ಣು ಕೆಳಗೆ

ಅಪ್ಪ ತೀರಿಕೊಂಡ ಮೇಲೆ ಅವ್ವಿ ನಮ್ಮ ಜೊತೆ ಡೊಂಬಿವಲಿಯಲ್ಲಿದ್ದಾಳೆ. ನಾಲ್ಕನೇ ಮಹಡಿಯ ಫ್ಲಾಟು, ಕಿಟಕಿಯಿಂದ ಕಾಣುವುದು ಎದುರಿನ ಬಿಲ್ಡಿಂಗಿನ ಕಿಟಕಿ. ಒಂದು ಕಣ್ಣಿಗೆ ಪೊರೆ ಬಂದಿದೆ. ಆಪರೇಶನ್ ಮಾಡಿಸೋಣ ಎಂದರೆ, "ನೋಡೂಕೆ ಇಲ್ಲಿ ಎಂತ ಅದೆ?" ಎನ್ನುತ್ತಿದ್ದಳು. ಒಂದು ಜನವರಿಯ ಭಾನುವಾರ, ಫ್ಲೆಮಿಂಗೊ ನೋಡಬೇಕೆಂದು ಮಗಳು ಹಟ ಹಿಡಿದಾಗ ಅವ್ವಿಯನ್ನೂ ಹೊರಡಿಸಿದೆವು.

ಐರೋಲಿಯಲ್ಲಿ ಅರಣ್ಯ ಇಲಾಖೆಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರವಿದೆ. ಅಲ್ಲಿಂದ ಉಬ್ಬರ-ಇಳಿತದ ಹೊತ್ತು ನೋಡಿಕೊಂಡು ದೋಣಿ ಬಿಡುತ್ತಾರೆ. ನನ್ನ ಆಫೀಸಿಗೆ ಅದು ರಿಕ್ಷಾದ ದಾರಿ, ಆದರೂ ಒಮ್ಮೆಯೂ ಹೋಗಿರಲಿಲ್ಲ. ದೋಣಿ ಕಾಂಡ್ಲಾ ಗಿಡಗಳ ಸಾಲು ದಾಟಿ ಬಯಲು ನೀರಿಗೆ ಬಂದಾಗ ದೂರದಲ್ಲಿ ಗುಲಾಬಿ ಬಣ್ಣದ ಗೆರೆ. ಹತ್ತಿರವಾಗುತ್ತ ಅದು ಸಾವಿರಾರು ಕಾಲು, ಸಾವಿರಾರು ಕೊರಳಾಯಿತು. ನವೆಂಬರ್ ಸುಮಾರಿಗೆ ಬಂದು ಮಳೆಗೆ ಮೊದಲು ಹೋಗುವ ಈ ಹಕ್ಕಿಗಳು ಒಳ್ಳೆಯ ವರ್ಷಗಳಲ್ಲಿ ಲಕ್ಷ ದಾಟುತ್ತವೆ. ಕೆಸರುನೀರಿನ ಪಾಚಿಯಲ್ಲಿ, ಸಣ್ಣ ಸಿಗಡಿಜಾತಿಯ ಜೀವಿಗಳಲ್ಲಿ ಇರುವ ಬಣ್ಣವೇ ಇವುಗಳ ರೆಕ್ಕೆಯ ಬಣ್ಣ. ನಮ್ಮ ಊರುಗಳ ಕೊಳಚೆ ಸೇರಿ ಪಾಚಿ ಹೆಚ್ಚುತ್ತದೆ, ಪಾಚಿ ತಿನ್ನಲು ಹಕ್ಕಿ ಬರುತ್ತದೆ. ಇದನ್ನು ಸಂತೋಷದ ಸುದ್ದಿ ಎನ್ನಬೇಕೋ ಬೇಡವೋ ನೀವೇ ಹೇಳಿ.

ದೋಣಿಯಲ್ಲಿದ್ದವರ ಕ್ಯಾಮೆರಾಗಳೆಲ್ಲ ಹಕ್ಕಿಗಳತ್ತ ತಿರುಗಿದ್ದವು. ಅವ್ವಿ ಮಾತ್ರ ದಡದ ಕೆಸರನ್ನೇ ನೋಡುತ್ತಿದ್ದಳು.

"ತಮಾ, ನೀ ಇದ್ಕೆ ಗಟಾರ ಅಂದಿದ್ದೆ. ಇದು ಹೊಳೆನೇ. ಕೆಸರು ನೋಡು, ತೂತು ತೂತು. ಒಳಗೆ ಜೀವ ಅದೆ."

ಅಜ್ಜಿ ಬೆರಳು ಮಾಡಿದ ಕಡೆಗೆ ಮಗಳು ಮೊಬೈಲ್ ಹಿಡಿದು ಏಳೆಂಟು ಫೋಟೊ ತೆಗೆದಳು. ನಮ್ಮ ಕಣ್ಣಿಗೆ ಅಲ್ಲಿ ಕೆಸರು ಬಿಟ್ಟರೆ ಬೇರೇನೂ ಕಂಡಿರಲಿಲ್ಲ.

ಏಡಿ ಮರಿ ಅಲ್ಲ

ಮನೆಗೆ ಬಂದು ಫೋಟೊಗಳನ್ನು ಲ್ಯಾಪ್‌ಟಾಪಿಗೆ ಹಾಕಿ ಹಿಗ್ಗಿಸಿದೆವು. ಬಿಲಗಳ ಬಾಯಲ್ಲಿ ಉಗುರಿನಷ್ಟು ದೊಡ್ಡ ಏಡಿಗಳು ಕೂತಿದ್ದವು. ಪಕ್ಕದಲ್ಲಿ, ತಲೆಯ ಮೇಲೆ ಕಣ್ಣು ಹೊತ್ತ ಒಂದು ಮೀನು ಎದೆಯ ಈಜುರೆಕ್ಕೆ ಊರಿಕೊಂಡು ಕೆಸರಿನ ಮೇಲೆ ಮಲಗಿತ್ತು. ನೀರಿಂದ ಹೊರಗೆ ಬಂದು ಕುಪ್ಪಳಿಸುವ ಈ ಮೀನನ್ನು ಇಲ್ಲಿಯ ಕೋಳಿ ಜನ ನಿವಟಿ ಎನ್ನುತ್ತಾರೆ. ಪೊರೆಯ ಕಣ್ಣಿನ ಅವ್ವಿಗೂ ದೊಡ್ಡ ಪರದೆಯ ಮೇಲೆ ಎಲ್ಲ ಸ್ಪಷ್ಟವಾಗಿ ಕಂಡಿತು.

ಮಗಳು ಐನ್ಯಾಚುರಲಿಸ್ಟ್ ಎಂಬ ಆ್ಯಪ್ ಹಾಕಿಕೊಂಡಿದ್ದಳು. 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಓದಿನ ಭಾಗವಾಗಿ ಶುರು ಮಾಡಿದ್ದು ಇದು. ಯಾವುದೇ ಜೀವಿಯ ಫೋಟೊವನ್ನು ಎಲ್ಲಿ, ಯಾವಾಗ ತೆಗೆದದ್ದು ಎಂಬ ವಿವರದ ಜೊತೆ ಹಾಕಿದರೆ, ತಿಳಿದವರು ಹೆಸರು ಸೂಚಿಸುತ್ತಾರೆ. ಕನಿಷ್ಠ ಇಬ್ಬರದು ತಾಳೆಯಾಗಿ, ಹೇಳಿದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಪ್ಪಿದರೆ ಅದು ಸಂಶೋಧನೆಗೆ ಬಳಸಬಹುದಾದ ದಾಖಲೆ ಎನಿಸಿಕೊಳ್ಳುತ್ತದೆ.

ಏಡಿಯ ಫೋಟೊ ಹಾಕುವಾಗ ನಾನು ಜಾಣನಂತೆ, "ಇದು ದೊಡ್ಡ ಏಡಿಯ ಮರಿ, ಹಾಗೇ ಬರಿ" ಎಂದೆ. ಅವ್ವಿ ಅಲ್ಲಿಂದಲೇ, "ಏಡಿ ಮರಿ ಅಲ್ವೋ. ಅದು ಆಗೂದೇ ಅಷ್ಟು. ಒಂದು ಕೈ ದೊಡ್ಡದು ನೋಡು, ಗಂಡು ಅದು" ಎಂದಳು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಅವ್ವಿಯ ಮಾತು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ದಿನ ಬಿಟ್ಟು ಗುರುತಿಲ್ಲದ ಯಾರೋ ಒಬ್ಬರು ತಿದ್ದಿದ್ದರು: ಇದು ದೊಡ್ಡ ಏಡಿಯ ಮರಿಯಲ್ಲ, ಫಿಡ್ಲರ್ ಏಡಿ. ಬೆಳೆದದ್ದೇ ಇಷ್ಟು. ಗಂಡಿಗೆ ಒಂದು ಕೊಂಡಿ ಮಾತ್ರ ದೊಡ್ಡದಿರುತ್ತದೆ, ಅದನ್ನು ಬೀಸಿ ಹೆಣ್ಣನ್ನು ಕರೆಯುತ್ತದೆ. ಇನ್ನೊಬ್ಬರು ಅದನ್ನು ಒಪ್ಪಿದ್ದರು. ನಾನು ಓದಿ ಹೇಳಿದಾಗ ಅವ್ವಿ ಏನೂ ಅನ್ನಲಿಲ್ಲ. ಮಗಳು ಮಾತ್ರ ನನ್ನ ಮುಖ ನೋಡಿದಳು.

ಚಿತ್ರ ನೋಡಿ ಕಡಲ ಜೀವಿಗಳನ್ನು ಗುರುತಿಸುವುದು ಹೊಸತೇನಲ್ಲ. ಬ್ರಿಟಿಷರ ಕಾಲದಲ್ಲಿ ಮದರಾಸಿನಲ್ಲಿದ್ದ ವೈದ್ಯ ಫ್ರಾನ್ಸಿಸ್ ಡೇ 1875ರಿಂದ 1878ರವರೆಗೆ ಭಾರತದ ಮೀನುಗಳ ಬಗ್ಗೆ ದೊಡ್ಡ ಗ್ರಂಥ ತಂದ. ಅದರಲ್ಲಿ ಸುಮಾರು ಇನ್ನೂರು ಪುಟಗಳ ತುಂಬ ಮೀನುಗಳ ಚಿತ್ರವಿದೆ. ಆಗ ಸತ್ತ ಮೀನನ್ನು ಮೇಜಿನ ಮೇಲಿಟ್ಟು ಬಿಡಿಸಬೇಕಿತ್ತು. 1893ರಲ್ಲಿ ಫ್ರಾನ್ಸಿನ ಲೂಯಿ ಬೂತಾಂ ಕ್ಯಾಮೆರಾ ತೆಗೆದುಕೊಂಡು ನೀರಿಗಿಳಿದ ಮೇಲೆ, ಬದುಕಿರುವ ಜೀವಿಯನ್ನು ಅದರ ಜಾಗದಲ್ಲೇ ಚಿತ್ರಿಸುವ ದಾರಿ ತೆರೆಯಿತು. ಈಗ ಆ ಕೆಲಸ ನಮ್ಮ ಜೇಬಿನ ಫೋನಿಗೆ ಬಂದಿದೆ.

ಮುಂಬಯಿಯಲ್ಲಿ ಇದನ್ನು ಗಟ್ಟಿಯಾಗಿ ಮಾಡಿ ತೋರಿಸಿದ್ದು 'ಮರೀನ್ ಲೈಫ್ ಆಫ್ ಮುಂಬೈ' ತಂಡ. ಪ್ರದೀಪ ಪಾತಾಡೆ, ಸಿದ್ಧಾರ್ಥ ಚಕ್ರವರ್ತಿ, ಅಭಿಷೇಕ ಜಮಾಲಾಬಾದ್ 2017ರಲ್ಲಿ ಇದನ್ನು ಶುರು ಮಾಡಿದರು. ನೀರು ಇಳಿದಾಗ ಗಿರ್ಗಾಂವ್, ಹಾಜಿ ಅಲಿ, ಜುಹೂ ದಡಗಳಲ್ಲಿ ಜನರನ್ನು ನಡೆಸಿಕೊಂಡು ಹೋಗಿ, ಕಂಡದ್ದನ್ನೆಲ್ಲ ಫೋಟೊ ತೆಗೆದು ಸೇರಿಸುತ್ತ ಬಂದರು. ಆಕ್ಟೋಪಸ್, ಬಣ್ಣಬಣ್ಣದ ಚಿಪ್ಪಿಲ್ಲದ ಹುಳುಗಳು, ಹವಳ ಎಲ್ಲವೂ ಈ ನಗರದ ಕಲ್ಲುಗಳ ನಡುವೆ ಸಿಕ್ಕವು. ಕೋಸ್ಟಲ್ ರೋಡ್ ವಿವಾದ ಎದ್ದಾಗ ಇಲ್ಲಿಯ ಹವಳಗಳೂ ಚರ್ಚೆಗೆ ಬಂದವು. ಹವಳಕ್ಕೆ ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗಿರುವಷ್ಟೇ ರಕ್ಷಣೆ ಇದೆ. ರಸ್ತೆ ನಿಲ್ಲಲಿಲ್ಲ, ಆದರೆ 2020ರಲ್ಲಿ ವರ್ಲಿ ಮತ್ತು ಹಾಜಿ ಅಲಿಯ ಹವಳಗಳನ್ನು ಎತ್ತಿ ಬೇರೆ ದಡಕ್ಕೆ ಸಾಗಿಸಬೇಕಾಯಿತು. ಅಲ್ಲಿ ಬರೀ ಕಲ್ಲಿದೆ ಎಂದುಕೊಂಡಿದ್ದರೆ ಅಷ್ಟೂ ಆಗುತ್ತಿರಲಿಲ್ಲ.

ಆಕಾಶದಿಂದ ತೆಗೆದ ಚಿತ್ರ

ಇದು ದಡದಲ್ಲಿ ಬಗ್ಗಿ ನಿಂತು ತೆಗೆಯುವ ಚಿತ್ರದ ಮಾತಾಯಿತು. ಮೇಲಿನಿಂದ ತೆಗೆಯುವ ಚಿತ್ರದ ಕತೆ ಬೇರೆ.

ನಮ್ಮ ಇಸ್ರೊ 1999ರಲ್ಲಿ ಓಶನ್‌ಸ್ಯಾಟ್-1, 2009ರಲ್ಲಿ ಓಶನ್‌ಸ್ಯಾಟ್-2, 2022ರಲ್ಲಿ ಅದೇ ಸಾಲಿನ ಮೂರನೆಯ ಉಪಗ್ರಹ ಹಾರಿಸಿತು. ಇವು ಸಮುದ್ರದ ಬಣ್ಣ ನೋಡುತ್ತವೆ. ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ನೀಲಿ ಬೆಳಕನ್ನು ಹೀರಿ ಹಸಿರನ್ನು ಹಿಂದಕ್ಕೆ ಕಳಿಸುತ್ತವೆ. ಹಸಿರು ಹೆಚ್ಚಿದ್ದ ಕಡೆ ತಿನ್ನಲು ಸಣ್ಣ ಮೀನು, ಅದರ ಬೆನ್ನಿಗೆ ದೊಡ್ಡ ಮೀನು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಈ ಬಣ್ಣವನ್ನೂ ನೀರಿನ ಬಿಸಿಯನ್ನೂ ಹೊಂದಿಸಿ, ಇಂಥ ಕಡೆ ಮೀನು ಸಿಗಬಹುದು ಎಂದು ಮೀನುಗಾರರಿಗೆ ಸೂಚನೆ ಕೊಡುತ್ತದೆ. ಕನ್ನಡ ಕರಾವಳಿಯ ದೋಣಿಗಳಿಗೂ ಈ ಸೂಚನೆ ಹೋಗುತ್ತದೆ.

ಆದರೆ ಈ ಕಣ್ಣಿಗೆ ನಮ್ಮ ಖಾಡಿ ಸರಿಯಾಗಿ ಕಾಣುವುದಿಲ್ಲ. ಓಶನ್‌ಸ್ಯಾಟ್ ಚಿತ್ರದ ಒಂದು ಚುಕ್ಕೆ ಎಂದರೆ ನೀರಿನ ಮೇಲೆ ಸುಮಾರು 360 ಮೀಟರ್. ಐರೋಲಿಯ ಹತ್ತಿರ ಖಾಡಿಯ ಅಗಲಕ್ಕೆ ಅಂಥ ಕೆಲವೇ ಚುಕ್ಕೆ ಸಾಕು. ಮೇಲಾಗಿ ಕೆಸರುನೀರಿನಲ್ಲಿ ಯಾವುದು ಮಣ್ಣಿನ ಬಣ್ಣ, ಯಾವುದು ಪಾಚಿಯ ಬಣ್ಣ ಎಂದು ಬಿಡಿಸುವುದು ಕಷ್ಟ. ಬಯಲು ಸಮುದ್ರಕ್ಕೆ ಉಪಗ್ರಹ, ಕೆಸರಿಗೆ ಮೊಬೈಲ್ ಎನ್ನಬೇಕಷ್ಟೆ.

ಕಾಂಡ್ಲಾ ಕಾಡಿನ ವಿಷಯದಲ್ಲಿ ಮಾತ್ರ ಮೇಲಿನ ಚಿತ್ರ ದೊಡ್ಡ ಕೆಲಸ ಮಾಡಿತು. ಆರೋಗ್ಯದ ಎಲೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಜೋರಾಗಿ ಹಿಂದಕ್ಕೆ ಎಸೆಯುತ್ತದೆ. ಆ ಬೆಳಕನ್ನು ಕೆಂಪಾಗಿ ತೋರಿಸಿದರೆ ಕಪ್ಪು ಕೆಸರಿನ ಪಕ್ಕ ಕಾಂಡ್ಲಾ ಕೆಂಪಗೆ ಎದ್ದು ಕಾಣುತ್ತದೆ. ಈ ಕಾಡನ್ನು ಕಡಿದು, ಮಣ್ಣು ತುಂಬಿಸಿ, ಇಲ್ಲಿ ಗಿಡವೇ ಇರಲಿಲ್ಲ ಎನ್ನುವುದು ಸುಲಭವಾಗಿದ್ದ ಕಾಲವೊಂದಿತ್ತು. 2005ರಲ್ಲಿ ಬಾಂಬೆ ಹೈಕೋರ್ಟ್ ಕಾಂಡ್ಲಾ ಕಡಿಯುವುದನ್ನು ತಡೆದು, ಉಪಗ್ರಹ ಚಿತ್ರಗಳಿಂದ ನಕ್ಷೆ ಮಾಡಲು ಆದೇಶಿಸಿತು. 2012ರಲ್ಲಿ ಮಹಾರಾಷ್ಟ್ರದಲ್ಲಿ ಇದಕ್ಕೆಂದೇ ಪ್ರತ್ಯೇಕ ಅರಣ್ಯ ವಿಭಾಗ ಬಂತು. 2015ರಲ್ಲಿ ಥಾಣೆ ಖಾಡಿಯ ಸುಮಾರು 17 ಚದರ ಕಿಲೋಮೀಟರ್ ಫ್ಲೆಮಿಂಗೊ ಅಭಯಾರಣ್ಯವಾಯಿತು. 2022ರಲ್ಲಿ 65 ಚದರ ಕಿಲೋಮೀಟರ್ ಪ್ರದೇಶ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುಭೂಮಿಗಳ ಪಟ್ಟಿಗೆ ಸೇರಿತು. 2024ರ ಜನವರಿಯಲ್ಲಿ ಅದೇ ಪಟ್ಟಿಗೆ ನಮ್ಮ ಅಘನಾಶಿನಿ ಅಳಿವೆಯೂ ಸೇರಿತು. ನಾನು ಹೊಗಳುವ ಹೊಳೆ ಮತ್ತು ಮೂಗು ಮುಚ್ಚಿಕೊಳ್ಳುವ ಖಾಡಿ, ಎರಡೂ ಈಗ ಒಂದೇ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿ ಮೊದಲು ಸೇರಿದ್ದು ಖಾಡಿ.

ಫೋಟೊದಲ್ಲಿ ಬರದಿರುವುದು

ಪಟ್ಟಿಗೆ ಸೇರಿದರೆ ಉಳಿಯಿತು ಎಂದಲ್ಲ. ಐರೋಲಿಯ ಜೆಟ್ಟಿಯಲ್ಲಿ ಬಲೆ ಬಿಡಿಸುತ್ತ ಕೂತಿದ್ದ ಮುದುಕ ಕೋಳಿಯೊಬ್ಬರಿಗೆ ಮಗಳು ನಿವಟಿಯ ಫೋಟೊ ತೋರಿಸಿದ್ದಳು. ಅವರು ನಕ್ಕು, "ಫೋಟೊದಲ್ಲಿ ಸಿಗುತ್ತೆ ಮಗಾ, ಬಲೆಗೆ ಮೊದಲಿನ ಹಾಗೆ ಸಿಗಲ್ಲ" ಎಂದು ಮರಾಠಿಯಲ್ಲಿ ಹೇಳಿದ್ದರು. ಒಂದು ನಿವಟಿ ಇದೆ ಎಂದು ಫೋಟೊ ಹೇಳುತ್ತದೆ. ಮೊದಲು ಎಷ್ಟಿತ್ತು ಎಂದು ಹೇಳಬೇಕಾದವರು ಅವರು. ಇಂದಿನಿಂದಲಾದರೂ ಫೋಟೊ ಕೂಡಿಸಿಟ್ಟರೆ ಇಪ್ಪತ್ತು ವರ್ಷದ ಮೇಲೆ ಅದನ್ನು ಬಾಯಿಮಾತೆಂದು ಯಾರೂ ತಳ್ಳಿಹಾಕಲಾರರು.

ನಮ್ಮ ಮನೆಯಲ್ಲೂ ಹಾಗೇ. ಅವ್ವಿಯ ತಲೆಯಲ್ಲಿ ಎಷ್ಟೊಂದು ಇದೆ! ಯಾವ ತೂತಿನ ಕೆಳಗೆ ಬಳಚು, ಯಾವುದರ ಕೆಳಗೆ ಏಡಿ, ಹುಣ್ಣಿಮೆ-ಅಮಾವಾಸ್ಯೆಗೆ ನೀರು ಎಲ್ಲಿವರೆಗೆ ಇಳಿಯುತ್ತದೆ, ಅಷ್ಟಮಿಗೆ ಯಾಕೆ ಹೊಳೆಗೆ ಹೋಗುವುದು ದಂಡ. ಇದನ್ನು ನಾನು ಕಲಿಯಲಿಲ್ಲ, ಬರೆದಿಡಲೂ ಇಲ್ಲ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಮಗಳು ಅಜ್ಜಿಯನ್ನು ಹೊಳೆದಡಕ್ಕೆ ಕರೆದುಕೊಂಡು ಹೋದಳು. ಅಜ್ಜಿ ಹೇಳಿದ್ದರ ಫೋಟೊ ತೆಗೆದು, ಹೆಸರನ್ನು ಅವಳ ಬಾಯಲ್ಲೇ ರೆಕಾರ್ಡ್ ಮಾಡಿಕೊಂಡಳು. ಆ್ಯಪಿನಲ್ಲಿ ಸ್ಥಳೀಯ ಭಾಷೆಯ ಹೆಸರು ಸೇರಿಸಲು ಅವಕಾಶವಿದೆ. ಲ್ಯಾಟಿನ್ ಹೆಸರಿನ ಪಕ್ಕ 'ಬಳಚು' ಎಂದು ಕನ್ನಡದಲ್ಲಿ ಟೈಪ್ ಮಾಡಿದ ದಿನ ಅಜ್ಜಿಗೆ ತೋರಿಸಿದಳು. "ಹೆಸ್ರು ಸರಿ ಬರ್ದೀಯೇನೇ?" ಎಂದು ಕೇಳಿ ಅವ್ವಿ ಪರದೆಗೆ ಮುಖ ಹತ್ತಿರ ತಂದಳು.

ಥಾಣೆ, ಕಲ್ಯಾಣ, ನವಿಮುಂಬಯಿಗಳಲ್ಲಿರುವ ಕನ್ನಡಿಗರಲ್ಲಿ ಕರಾವಳಿಯವರು ಬಹಳ ಮಂದಿ. ನಿಮ್ಮ ಮನೆಯಲ್ಲೂ ಇಂಥ ಅಮ್ಮ, ಅಜ್ಜಿ, ದೊಡ್ಡಮ್ಮ ಇರಬಹುದು. ಒಂದು ಭಾನುವಾರ ಹೊರಡಿಸಿ. ನೀರು ಇಳಿಯುವ ಹೊತ್ತು ನೋಡಿಕೊಳ್ಳಿ, ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತಿರುತ್ತದೆ. ಖಾಡಿಯ ಕೆಸರಿಗೆ ಮಾತ್ರ ಇಳಿಯಬೇಡಿ, ಸೊಂಟದವರೆಗೆ ಹೂತುಹೋಗುತ್ತದೆ. ದೋಣಿಯಿಂದಲೋ ದಡದಿಂದಲೋ ನೋಡಿ. ಕಲ್ಲಿನ ದಡವಾದರೆ ತಿಳಿದವರ ಜೊತೆ ಹೋಗಿ, ಮಗುಚಿದ ಕಲ್ಲನ್ನು ಮೊದಲಿದ್ದ ಹಾಗೇ ಇಡಿ, ಸುಂದರವಾಗಿದೆ ಎಂದು ಶಂಖ ಕೈಗೆತ್ತಿಕೊಳ್ಳಬೇಡಿ, ಕೆಲವು ವಿಷದವು. ಚಿಪ್ಪಿನ ಪಕ್ಕ ಒಂದು ನಾಣ್ಯ ಇಟ್ಟು ಫೋಟೊ ತೆಗೆದರೆ ಅಳತೆ ಗೊತ್ತಾಗುತ್ತದೆ. ಮೇಲಿನಿಂದ, ಪಕ್ಕದಿಂದ, ಎರಡು ಮೂರು ತೆಗೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ನನ್ನ ಹಾಗೆ ಜಾಣತನ ತೋರಿಸದೆ ಮೊದಲು ಮನೆಯ ಹಿರಿಯರನ್ನು ಕೇಳಿ.

ಕಳೆದ ತಿಂಗಳು ಅವ್ವಿಯ ಕಣ್ಣಿನ ಆಪರೇಶನ್ ಆಯಿತು. ಅವಳೇ ಒಪ್ಪಿದಳು. ಥಾಣೆಯ ಆಸ್ಪತ್ರೆಗೆ ತೋರಿಸಲು ಹೋಗುವಾಗ ಗಾಡಿ ಕಲ್ವಾ ಸೇತುವೆಯ ಮೇಲೆ ಸಿಗ್ನಲ್‌ಗೆ ನಿಂತಿತು. ಅಭ್ಯಾಸದಂತೆ ನನ್ನ ಕೈ ಕರವಸ್ತ್ರಕ್ಕೆ ಹೋಯಿತು. ಅವ್ವಿ ಕಪ್ಪು ಕನ್ನಡಕವನ್ನು ಸ್ವಲ್ಪ ಮೇಲೆತ್ತಿ ಕೆಳಗೆ ನೋಡಿದಳು.

"ನೀರು ಏರ್ತಾ ಅದೆ" ಎಂದಳು.